ಮಲಗುವ ಮನೆಯ ಮೌನಕ್ಕೂ ಮದ್ದುಂಟು

ಸಕ್ಕರೆ ಕಾಯಿಲೆಯನ್ನು ಕುರಿತೋ, ಮೊಣಕಾಲ ನೋವನ್ನು ಕುರಿತೋ, ಹಸುಗೂಸಿನ ಆರೈಕೆಯನ್ನು ಕುರಿತೋ ಲೇಖನವೊಂದು ಬಂದರೆ ಅದನ್ನು ನಡುಮನೆಯಲ್ಲಿ ಕುಳಿತು ಹತ್ತು ಮಂದಿಗೆ ಕೇಳುವಂತೆ ಓದುವ ರೂಢಿ ನಮ್ಮ ಮನೆಗಳಲ್ಲಿದೆ. ಈ ಲೇಖನವನ್ನು ಹಾಗೆ ಓದುವವರು ವಿರಳ. ಶೀರ್ಷಿಕೆಯನ್ನು ಕಂಡು ಪುಟ ಮಗುಚಿ, ಆಮೇಲೆ ಒಬ್ಬರೇ ಇರುವ ಹೊತ್ತಿನಲ್ಲಿ ಮತ್ತೆ ತೆರೆಯುವವರೇ ಹೆಚ್ಚೆಂದು ನಾವು ಬಲ್ಲೆವು. ಅದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಗಂಡಹೆಂಡಿರ ದೇಹಸಂಬಂಧದಲ್ಲಿ ಉಂಟಾಗುವ ತೊಡಕುಗಳಿಗೆ ಶಾಸ್ತ್ರಶುದ್ಧವಾದ ಚಿಕಿತ್ಸೆಯೊಂದಿದೆ, ಅದು ಅರ್ಧ ಶತಮಾನಕ್ಕೂ ಮಿಕ್ಕಿ ಬಳಕೆಯಲ್ಲಿದೆ, ಅದರ ಬಹುಪಾಲು ಮಾತಿನಿಂದಲೂ ಅಭ್ಯಾಸದಿಂದಲೂ ನಡೆಯುವಂಥದು ಎಂಬ ಸಂಗತಿ ಮನೆಮನೆಗೆ ತಲುಪಿದರೆ ಸಾಕು.

ನಮ್ಮ ಹಿರಿಯರು ಕಾಮವನ್ನು ಪುರುಷಾರ್ಥಗಳ ಸಾಲಿನಲ್ಲಿ ಕೂರಿಸಿದವರು. ವಾತ್ಸ್ಯಾಯನನ ಹೆಸರನ್ನು ಎಲ್ಲರೂ ಬಲ್ಲರು. ಆದರೆ ಹನ್ನೊಂದನೆಯ ಶತಮಾನದಲ್ಲಿ ಚಂದ್ರರಾಜನು ‘ಮದನತಿಲಕ’ವೆಂಬ ಕಾಮಶಾಸ್ತ್ರ ಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದನೆಂಬುದೂ, ಹದಿನೈದನೆಯ ಶತಮಾನದಲ್ಲಿ ಕಲ್ಲರಸನು ‘ಜನವಶ್ಯ’ವನ್ನು ಬರೆದನೆಂಬುದೂ ಎಷ್ಟು ಮಂದಿಗೆ ಗೊತ್ತು? ಈಚಿನ ಕಾಲಕ್ಕೆ ಬಂದರೆ, ರಘುನಾಥ ಧೋಂಡೋ ಕರ್ವೆಯವರು 1921ರಲ್ಲಿ ಮುಂಬಯಿಯಲ್ಲಿ ಸಂತಾನ ನಿಯಂತ್ರಣ ಕೇಂದ್ರವನ್ನು ತೆರೆದರು. 1927ರಿಂದ 1953ರವರೆಗೆ ‘ಸಮಾಜಸ್ವಾಸ್ಥ್ಯ’ವೆಂಬ ಮರಾಠಿ ಮಾಸಪತ್ರಿಕೆಯನ್ನು ನಡೆಸಿ ಓದುಗರ ಲೈಂಗಿಕ ಸಂದೇಹಗಳಿಗೆ ಉತ್ತರ ಕೊಟ್ಟರು. ಅದಕ್ಕಾಗಿ ನ್ಯಾಯಾಲಯದ ಮೆಟ್ಟಿಲನ್ನೂ ಏರಬೇಕಾಯಿತು. 1934ರಲ್ಲಿ ಅವರ ಪರವಾಗಿ ವಾದಿಸಿದವರು ಡಾ. ಅಂಬೇಡ್ಕರ್. ಮೈಸೂರು ಸಂಸ್ಥಾನವಂತೂ 1930ರಲ್ಲಿಯೇ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದಿತ್ತು. ಇಷ್ಟೆಲ್ಲ ಹಿನ್ನೆಲೆಯಿರುವ ಜನರು ಇಂದು ವೈದ್ಯರ ಮುಂದೆ ಕುಳಿತು ಒಂದು ವಾಕ್ಯ ಆಡಲಾರದೆ ತಲೆನೋವೆಂದು ಹೇಳಿ ಮಾತ್ರೆ ಪಡೆದು ಹಿಂದಿರುಗುತ್ತಾರೆ.

ಈ ತೊಡಕು ಎಲ್ಲೋ ನೂರಕ್ಕೊಬ್ಬರದೆಂದು ತಿಳಿಯಬೇಡಿ. ಮೈಸೂರಿನ ಮನೋವೈದ್ಯ ಡಾ. ಟಿ. ಎಸ್. ಸತ್ಯನಾರಾಯಣರಾವ್ ಮತ್ತು ಅವರ ಸಂಗಡಿಗರು ದಕ್ಷಿಣ ಭಾರತದ ಗ್ರಾಮೀಣ ಜನರಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಂಡಸರಲ್ಲಿ ಶೇಕಡಾ 21ರಷ್ಟು ಮಂದಿಗೆ, ಹೆಂಗಸರಲ್ಲಿ ಶೇಕಡಾ 14ರಷ್ಟು ಮಂದಿಗೆ ಒಂದಲ್ಲ ಒಂದು ಲೈಂಗಿಕ ತೊಂದರೆಯಿತ್ತು. ಅಂದರೆ ಐವರು ಗಂಡಸರಲ್ಲಿ ಒಬ್ಬರಿಗೆ, ಏಳು ಮಂದಿ ಹೆಂಗಸರಲ್ಲಿ ಒಬ್ಬರಿಗೆ. ಜಾತ್ರೆಯಲ್ಲಿ ನಮ್ಮ ಮುಂದೆ ಸಾಗುವ ಜನರನ್ನು ಈ ಲೆಕ್ಕದಲ್ಲಿ ನೋಡಿದರೆ, ‘ನಮಗೊಬ್ಬರಿಗೇ ಏಕೆ ಹೀಗೆ’ ಎಂಬ ಕೊರಗು ಅರ್ಧ ಇಳಿಯಬೇಕು.

ಇಂದಿನ ಲೈಂಗಿಕ ಚಿಕಿತ್ಸೆಗೆ ಅಡಿಗಲ್ಲು ಹಾಕಿದವರು ಅಮೆರಿಕದ ಸೇಂಟ್ ಲೂಯಿಸ್ ನಗರದ ಪ್ರಸೂತಿ ವೈದ್ಯ ವಿಲಿಯಂ ಮಾಸ್ಟರ್ಸ್ ಮತ್ತು ಅವರ ಸಹಾಯಕಿ ವರ್ಜೀನಿಯಾ ಜಾನ್ಸನ್. 1957ರಲ್ಲಿ ಕೂಡಿ ಕೆಲಸವನ್ನು ಆರಂಭಿಸಿ, 1966ರಲ್ಲಿ ಕಾಮೋದ್ರೇಕದ ಶರೀರಶಾಸ್ತ್ರವನ್ನೂ 1970ರಲ್ಲಿ ಅದರ ತೊಂದರೆಗಳನ್ನೂ ಕುರಿತ ಗ್ರಂಥಗಳನ್ನು ಅವರು ಹೊರತಂದರು. ಅದಕ್ಕೆ ಮುಂಚೆ ಇಂಥ ತೊಂದರೆಯವರನ್ನು ವರ್ಷಗಟ್ಟಲೆ ಮನೋವಿಶ್ಲೇಷಣೆಗೆ ಗುರಿಪಡಿಸಿ ಬಾಲ್ಯದ ನೆನಪುಗಳನ್ನು ಕೆದಕುತ್ತಿದ್ದರು. ಇವರಾದರೋ ಗಂಡಹೆಂಡಿರಿಬ್ಬರನ್ನೂ ಒಟ್ಟಿಗೆ ಕರೆಸಿ, ಗಂಡಸು ಹೆಂಗಸು ಇಬ್ಬರು ಚಿಕಿತ್ಸಕರನ್ನು ಎದುರಿಗೆ ಕೂರಿಸಿ, ಎರಡು ವಾರಗಳಲ್ಲಿ ಅಭ್ಯಾಸಗಳನ್ನು ಕಲಿಸಿ ಕಳುಹಿಸಿದರು. ‘ತೊಂದರೆ ಗಂಡನದೂ ಅಲ್ಲ, ಹೆಂಡತಿಯದೂ ಅಲ್ಲ, ಆ ದಾಂಪತ್ಯದ್ದು’ ಎಂಬುದೇ ಅವರ ದೊಡ್ಡ ಕಾಣಿಕೆಯೆಂದು ನಮ್ಮ ಎಣಿಕೆ. ಅವರು ಹೇಳಿಕೊಂಡ ಯಶಸ್ಸಿನ ಪ್ರಮಾಣವನ್ನು 1980ರಲ್ಲಿ ಬೇರೆ ಮನಶ್ಶಾಸ್ತ್ರಜ್ಞರು ಬಲವಾಗಿ ಪ್ರಶ್ನಿಸಿದರು. ಅದು ನ್ಯಾಯವೇ ಆಗಿತ್ತು. ನ್ಯೂಯಾರ್ಕಿನ ಹೆಲೆನ್ ಸಿಂಗರ್ ಕಪ್ಲಾನ್ 1974ರಲ್ಲಿ ಈ ಪದ್ಧತಿಗೆ ಮನಸ್ಸಿನ ಒಳತೋಟಿಯ ವಿಚಾರವನ್ನೂ ಸೇರಿಸಿದರು. (ದಾಂಪತ್ಯಗಳನ್ನು ನೇರ್ಪಡಿಸಿದ ಮಾಸ್ಟರ್ಸ್ ಮತ್ತು ಜಾನ್ಸನ್ 1971ರಲ್ಲಿ ಮದುವೆಯಾಗಿ, 1993ರಲ್ಲಿ ವಿಚ್ಛೇದನ ಪಡೆದರು. ವೈದ್ಯನ ಮನೆಯಲ್ಲಿಯೂ ಕಾಯಿಲೆಯುಂಟು.)

ಹಾಗಾದರೆ ಚಿಕಿತ್ಸಕರ ಕೋಣೆಯಲ್ಲಿ ನಡೆಯುವುದೇನು? ಜನರ ಅಂಜಿಕೆಯೆಲ್ಲ ಇಲ್ಲಿಯೇ ಇರುವುದರಿಂದ ಇದನ್ನು ತುಸು ವಿಸ್ತಾರವಾಗಿ ಹೇಳಬೇಕು. ಅಲ್ಲಿ ಬಟ್ಟೆ ಕಳಚುವ ಪ್ರಸಂಗವಿಲ್ಲ. ದೇಹಪರೀಕ್ಷೆ ಬೇಕೆನಿಸಿದರೆ ಅದನ್ನು ವೈದ್ಯರು ಬೇರೆಯಾಗಿ, ರೋಗಿಯ ಒಪ್ಪಿಗೆ ಪಡೆದು, ಹೆಂಗಸರಾದರೆ ಮತ್ತೊಬ್ಬ ಹೆಂಗಸಿನ ಸಮಕ್ಷಮದಲ್ಲಿ ಮಾಡುತ್ತಾರೆ. ಚಿಕಿತ್ಸಕನು ಯಾರನ್ನೂ ಕಾಮದೃಷ್ಟಿಯಿಂದ ಮುಟ್ಟುವಂತಿಲ್ಲ. ಹಾಗೆ ಮುಟ್ಟುವವನು ಚಿಕಿತ್ಸಕನೇ ಅಲ್ಲ, ಅಲ್ಲಿಂದ ಎದ್ದು ಬರತಕ್ಕದ್ದು. ಮೊದಲ ಭೇಟಿಯಲ್ಲಿ ನಡೆಯುವುದು ಮಾತುಕತೆ. ತೊಂದರೆ ಯಾವಾಗ ತೊಡಗಿತು, ಮೊದಲಿನಿಂದಲೂ ಇದೆಯೇ ಅಥವಾ ನಡುವೆ ಬಂದದ್ದೇ, ಯಾವ ಔಷಧಗಳ ಸೇವನೆ ನಡೆದಿದೆ, ಮನೆಯಲ್ಲಿ ಇಬ್ಬರಿಗೂ ಏಕಾಂತ ಸಿಗುತ್ತದೆಯೇ ಎಂದು ಕೇಳುತ್ತಾರೆ. ಇಬ್ಬರನ್ನೂ ಒಟ್ಟಿಗೆ ಒಂದು ಸಲ, ಬೇರೆಬೇರೆಯಾಗಿ ಒಂದೊಂದು ಸಲ ಮಾತನಾಡಿಸುವುದು ವಾಡಿಕೆ. ಒಬ್ಬರು ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ತಿಳಿಸುವುದಿಲ್ಲ.

ಆಮೇಲೆ ದೇಹದ ವಿಚಾರ. ನಡುವಯಸ್ಸಿನ ಗಂಡಸಿಗೆ ನಿಮಿರು ದೌರ್ಬಲ್ಯ ಉಂಟಾದರೆ ಸಕ್ಕರೆ, ರಕ್ತದೊತ್ತಡ, ಕೊಬ್ಬು ಇವುಗಳ ಪರೀಕ್ಷೆ ಮೊದಲು ಆಗಬೇಕು. ಜನನಾಂಗಕ್ಕೆ ರಕ್ತ ಒಯ್ಯುವ ನಾಳಗಳು ಹೃದಯದ ನಾಳಗಳಿಗಿಂತ ಸಪುರ. ರಕ್ತನಾಳಗಳು ಕಟ್ಟಿಕೊಳ್ಳತೊಡಗಿದಾಗ ಆ ಲಕ್ಷಣ ಮೊದಲು ಇಲ್ಲಿ ಕಾಣಿಸಿಕೊಂಡು, ಕೆಲವು ವರ್ಷಗಳ ತರುವಾಯ ಹೃದಯದಲ್ಲಿ ಕಾಣಿಸುವುದುಂಟು. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡವನು ಹೃದಯಾಘಾತದ ಮುನ್ಸೂಚನೆಯನ್ನೇ ಮುಚ್ಚಿಟ್ಟಂತೆ. ಬೆಳಗಿನ ಜಾವದಲ್ಲಿ ಸಹಜವಾಗಿ ನಿಮಿರುವಿಕೆ ಇದ್ದು, ಹೆಂಡತಿಯ ಸಂಗಡ ಇರುವಾಗ ಮಾತ್ರ ಸೋಲುವುದಾದರೆ ಕಾರಣ ಬಹುಮಟ್ಟಿಗೆ ಮನಸ್ಸಿನಲ್ಲಿದೆ ಎಂದು ಊಹಿಸಬಹುದು. ರಕ್ತದೊತ್ತಡದ, ಖಿನ್ನತೆಯ ಕೆಲವು ಔಷಧಗಳೂ ಆಸಕ್ತಿಯನ್ನು ಕುಂದಿಸುತ್ತವೆ. ಆದರೆ ಅವನ್ನು ತಾನಾಗಿ ನಿಲ್ಲಿಸಬಾರದು, ವೈದ್ಯರಿಗೆ ತಿಳಿಸಿದರೆ ಬದಲಿಸಿ ಕೊಡುತ್ತಾರೆ. 1998ರಲ್ಲಿ ಅಮೆರಿಕದಲ್ಲಿ ಪರವಾನಗಿ ಪಡೆದ ಸಿಲ್ಡೆನಾಫಿಲ್ ಮಾತ್ರೆ ಈಗ ನಮ್ಮ ಸಣ್ಣ ಊರುಗಳ ಔಷಧದಂಗಡಿಗೂ ಬಂದಿದೆ. ಅದು ಉಪಯುಕ್ತವಾದ ಔಷಧವೇ ಸರಿ. ಆದರೆ ಎದೆನೋವಿಗೆ ನೈಟ್ರೇಟ್ ಮಾತ್ರೆ ಸೇವಿಸುವವರು ಅದನ್ನು ನುಂಗಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ. ಸ್ನೇಹಿತನ ಜೇಬಿನಿಂದ ಪಡೆದು ನುಂಗುವ ಗುಳಿಗೆಯಲ್ಲ ಅದು.

ಇನ್ನು ಚಿಕಿತ್ಸೆಯ ತಿರುಳಾದ ಅಭ್ಯಾಸದ ವಿಷಯ. ಮದುವೆಯಾಗಿ ಎರಡು ವರ್ಷವಾದ ದಂಪತಿಗಳನ್ನು ಕಲ್ಪಿಸಿಕೊಳ್ಳೋಣ. ಮೊದಲ ವಾರದಲ್ಲಿ ದಣಿವಿನಿಂದಲೋ ಗಾಬರಿಯಿಂದಲೋ ಗಂಡ ಸೋತ. ಮರುದಿನ ‘ಇವತ್ತೂ ಹಾಗೆಯೇ ಆದರೆ?’ ಎಂಬ ಯೋಚನೆಯೊಡನೆ ಹಾಸಿಗೆಗೆ ಹೋದ. ಆ ಯೋಚನೆಯೇ ಅವನನ್ನು ಸೋಲಿಸಿತು. ಕ್ರಮೇಣ ಅವನು ತನ್ನ ಶಯ್ಯೆಗೆ ತಾನೇ ಪ್ರೇಕ್ಷಕನಾದ. ಸುಖವನ್ನು ಅನುಭವಿಸುವ ಬದಲು ಪರೀಕ್ಷೆಯಲ್ಲಿ ಪಾಸಾಗುವೆನೋ ಇಲ್ಲವೋ ಎಂದು ಲೆಕ್ಕ ಹಾಕತೊಡಗಿದ. ಕೊನೆಗೆ ಕಚೇರಿಯ ಕೆಲಸದ ನೆಪ, ತಡವಾಗಿ ಬರುವ ನೆಪ. ಹೆಂಡತಿಯೋ ‘ನಾನು ಚೆನ್ನಾಗಿಲ್ಲವೆಂದು ತಾನೇ?’ ಎಂದು ಒಳಗೊಳಗೇ ಬೆಂದಳು. ಇಬ್ಬರೂ ಒಂದು ಮಾತನ್ನೂ ಆಡಲಿಲ್ಲ. ಮನೆಯ ಹಿರಿಯರು ಮಾತ್ರ ‘ಸಿಹಿಸುದ್ದಿ ಯಾವಾಗ?’ ಎಂದು ಕೇಳುತ್ತಲೇ ಇದ್ದರು.

ಇಂಥವರಿಗೆ ಚಿಕಿತ್ಸಕರು ಮೊದಲು ಹೇಳುವ ಮಾತು ಕೇಳುವವರಿಗೆ ವಿಚಿತ್ರವೆನಿಸಬಹುದು: ಇಷ್ಟು ದಿನ ಸಂಭೋಗಕ್ಕೆ ಪ್ರಯತ್ನವೇ ಕೂಡದು. ಪರೀಕ್ಷೆಯೇ ರದ್ದಾದ ಮೇಲೆ ನಪಾಸಾಗುವ ಭಯವೆಲ್ಲಿ? ವಾರದಲ್ಲಿ ಎರಡು ಮೂರು ಸಲ, ಅರ್ಧ ಗಂಟೆಯ ಹೊತ್ತು, ಬಾಗಿಲು ಹಾಕಿಕೊಂಡು ಒಬ್ಬರ ಕೈ, ಬೆನ್ನು, ಮುಖ, ಪಾದಗಳನ್ನು ಇನ್ನೊಬ್ಬರು ಸಾವಕಾಶವಾಗಿ ಸ್ಪರ್ಶಿಸಬೇಕು. ಆಮೇಲೆ ಸರದಿ ಬದಲಾಗಬೇಕು. ಗುಪ್ತಾಂಗಗಳನ್ನು ಈ ಹಂತದಲ್ಲಿ ಮುಟ್ಟುವಂತಿಲ್ಲ. ಯಾವುದು ಹಿತ, ಯಾವುದು ಅಹಿತ ಎಂಬುದನ್ನು ಮಾತಿನಲ್ಲಿ ಹೇಳಬೇಕು. ಕೆಲವು ದಿನಗಳಲ್ಲಿ ಮನಸ್ಸು ಹಗುರಾದ ಮೇಲೆ ಎರಡನೆಯ ಹಂತದಲ್ಲಿ ಸ್ಪರ್ಶವು ಇಡೀ ದೇಹಕ್ಕೆ ಹಬ್ಬುತ್ತದೆ. ಆಗಲೂ ಸಂಭೋಗದ ಗುರಿಯಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಮುಂದೆ ಸಾಗಿ, ಕೊನೆಯದಾಗಿ ಕೂಟಕ್ಕೆ ಅನುಮತಿ. ನಿಷೇಧವನ್ನು ಮುರಿದು ಬಂದು ಸಂಕೋಚದಿಂದ ಒಪ್ಪಿಕೊಳ್ಳುವ ದಂಪತಿಗಳೂ ಉಂಟು. ಚಿಕಿತ್ಸಕರು ಅದಕ್ಕೆ ಕೋಪಿಸಿಕೊಳ್ಳುವುದಿಲ್ಲ.

ಶೀಘ್ರಸ್ಖಲನಕ್ಕೂ ಅಭ್ಯಾಸವೇ ಮದ್ದು. ಉದ್ರೇಕವು ತುದಿ ಮುಟ್ಟುವ ಮುನ್ನ ನಿಲ್ಲಿಸಿ, ತಣಿದ ಮೇಲೆ ಮತ್ತೆ ಆರಂಭಿಸುವ ಕ್ರಮವನ್ನು ಜೇಮ್ಸ್ ಸೀಮನ್ಸ್ ಎಂಬ ವೈದ್ಯರು 1956ರಲ್ಲಿಯೇ ವಿವರಿಸಿದ್ದರು. ಅದರೊಡನೆ ಬೇಕಾದಲ್ಲಿ ಮಾತ್ರೆಗಳನ್ನೂ ಕೊಡುವುದುಂಟು.

ನಮ್ಮ ನಾಡಿನದೇ ಆದ ತೊಂದರೆಯೊಂದಿದೆ: ಧಾತು ಹೋಗುತ್ತದೆ ಎಂಬ ಭಯ. ನಲವತ್ತು ಹನಿ ರಕ್ತ ಸೇರಿ ಒಂದು ಹನಿ ವೀರ್ಯವಾಗುತ್ತದೆ ಎಂಬ ನಂಬಿಕೆಯಿಂದ ಸ್ವಪ್ನಸ್ಖಲನವಾದರೂ, ಮೂತ್ರ ತುಸು ಬೆಳ್ಳಗೆ ಕಂಡರೂ ಆಯುಷ್ಯವೇ ಸೋರಿಹೋದಂತೆ ಕುಗ್ಗುವ ಹುಡುಗರು ಎಷ್ಟೋ ಮಂದಿ. ಮನೋವೈದ್ಯ ಡಾ. ಎನ್. ಎನ್. ವಿಗ್ 1960ರಲ್ಲಿ ಇದಕ್ಕೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಜಾಗತಿಕ ರೋಗಪಟ್ಟಿಯ ಹತ್ತನೆಯ ಆವೃತ್ತಿಯಲ್ಲಿ ಅದಕ್ಕೆ ಜಾಗವೂ ದೊರೆಯಿತು. ವೀರ್ಯವು ರಕ್ತದಿಂದ ಕಡೆದು ತೆಗೆದ ಬೆಣ್ಣೆಯಲ್ಲ. ದೇಹ ಅದನ್ನು ಎಡೆಬಿಡದೆ ಉತ್ಪಾದಿಸುತ್ತಲೇ ಇರುತ್ತದೆ. ಹಸ್ತಮೈಥುನದಿಂದ ನರದೌರ್ಬಲ್ಯವಾಗಲಿ ಕುರುಡಾಗಲಿ ಬರುವುದಿಲ್ಲ. ಹದಿನೆಂಟರ ಹುಡುಗನಿಗೆ ಈ ಎರಡು ವಾಕ್ಯಗಳನ್ನು ತಂದೆಯೋ ಸೋದರಮಾವನೋ ಹೇಳಿದ್ದರೆ ಎಷ್ಟು ಮದುವೆಗಳು ಅಂಜಿಕೆಯಿಲ್ಲದೆ ಆರಂಭವಾಗುತ್ತಿದ್ದವು!

ಹೆಂಗಸರ ತೊಂದರೆಗಳಿಗೆ ನಾವು ಇನ್ನೂ ಕಿವುಡು. ಯೋನಿಯ ಸುತ್ತಣ ಸ್ನಾಯುಗಳು ಕೂಟದ ಯತ್ನವಾದೊಡನೆ ತಾವಾಗಿ ಬಿಗಿದುಕೊಳ್ಳುವ ಸ್ಥಿತಿಯೊಂದುಂಟು. ಕಣ್ಣಿನ ಹತ್ತಿರ ಬೆರಳು ತಂದರೆ ರೆಪ್ಪೆ ಮುಚ್ಚಿಕೊಳ್ಳುವುದಿಲ್ಲವೇ, ಹಾಗೆ. ಅದು ಹಟವಲ್ಲ, ಗಂಡನ ಮೇಲಣ ಅಸಡ್ಡೆಯಲ್ಲ, ಅಂಗದೋಷವೂ ಅಲ್ಲ. ‘ಸ್ವಲ್ಪ ಬಲವಂತ ಮಾಡಿದರೆ ಸರಿಹೋಗುತ್ತದೆ’ ಎಂದು ಗಂಡನ ಕಿವಿಯಲ್ಲಿ ಹೇಳುವ ಗೆಳೆಯನಷ್ಟು ಕೇಡು ಮಾಡುವವನು ಇನ್ನೊಬ್ಬನಿಲ್ಲ. ಬಲವಂತದಿಂದ ನೋವು, ನೋವಿನಿಂದ ಭಯ, ಭಯದಿಂದ ಬಿಗಿತ ಇಮ್ಮಡಿಯಾಗುತ್ತದೆ. ಚಿಕಿತ್ಸೆ ಇದಕ್ಕೆ ತದ್ವಿರುದ್ಧವಾದದ್ದು. ಹೆಂಗಸು ತನ್ನ ದೇಹರಚನೆಯನ್ನು ಚಿತ್ರಗಳ ಮೂಲಕ ತಿಳಿಯುತ್ತಾಳೆ, ಆ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವುದನ್ನು ಕಲಿಯುತ್ತಾಳೆ. ಬಳಿಕ ತನ್ನದೇ ಬೆರಳಿನಿಂದ, ಅಥವಾ ಸಣ್ಣದರಿಂದ ದೊಡ್ಡದಕ್ಕೆ ಏರುವ ನಯವಾದ ಕೊಳವೆಗಳಿಂದ, ತನ್ನ ಕೈಯಲ್ಲೇ ಹತೋಟಿಯಿಟ್ಟುಕೊಂಡು ಅಭ್ಯಾಸ ಮಾಡುತ್ತಾಳೆ. ಲೈಂಗಿಕ ತೊಂದರೆಗಳಲ್ಲಿ ಚಿಕಿತ್ಸೆಗೆ ಬಹಳ ಚೆನ್ನಾಗಿ ಮಣಿಯುವುದು ಇದು. ಆದರೂ ಮಕ್ಕಳಾಗಲಿಲ್ಲವೆಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ರಕ್ತಪರೀಕ್ಷೆ, ಸ್ಕ್ಯಾನುಗಳಿಗೆ ಹಣ ಸುರಿದು, ‘ನೀವಿಬ್ಬರೂ ಕೂಡಿದ್ದುಂಟೇ?’ ಎಂಬ ಒಂದೇ ಒಂದು ಪ್ರಶ್ನೆಯನ್ನು ಯಾರೂ ಕೇಳದೆ ಹೋದ ದಂಪತಿಗಳು ನಮ್ಮ ನಡುವೆ ಇದ್ದಾರೆ.

ಹೆರಿಗೆಯ ಹೊಲಿಗೆಯಿಂದ, ಮುಟ್ಟು ನಿಂತ ಮೇಲಿನ ಶುಷ್ಕತೆಯಿಂದ ನೋವಾಗುವುದೂ ಸಾಮಾನ್ಯ. ಜಾರುಕ ದ್ರವ್ಯಗಳು, ವೈದ್ಯರು ಸೂಚಿಸುವ ಹಾರ್ಮೋನಿನ ಲೇಪ ಇವುಗಳಿಂದ ಬಹುಬೇಗ ಪರಿಹಾರ ಸಿಗುತ್ತದೆ. ‘ಈ ವಯಸ್ಸಿನಲ್ಲಿ ಇನ್ನೇಕೆ?’ ಎಂದು ಕೇಳುವವರಿಗೆ ನಮ್ಮ ಮರುಪ್ರಶ್ನೆ: ಐವತ್ತಕ್ಕೆ ಹಸಿವು ನಿಲ್ಲುತ್ತದೆಯೇ?

ಚಿಕಿತ್ಸೆ ದಂಪತಿಗಳಿಗೆ ಮಾತ್ರವಲ್ಲ. ಮದುವೆಗೆ ಮುನ್ನ ಅಂಜುವವರು, ಬಾಲ್ಯದಲ್ಲಿ ದೌರ್ಜನ್ಯಕ್ಕೆ ಗುರಿಯಾದವರು, ಶಸ್ತ್ರಚಿಕಿತ್ಸೆಯ ತರುವಾಯ ತಮ್ಮ ದೇಹವನ್ನೇ ಅಪರಿಚಿತವೆಂದು ಕಾಣುವವರು, ಸಂಗಾತಿ ಬರಲೊಪ್ಪದವರು ಒಬ್ಬರೇ ಹೋಗಬಹುದು. ಸ್ವಲಿಂಗಾಸಕ್ತಿಯನ್ನು ‘ವಾಸಿ ಮಾಡಿಸಲು’ ಮಗನನ್ನು ಎಳೆದೊಯ್ಯುವ ತಾಯ್ತಂದೆಯರಿಗೆ ಮಾತ್ರ ಒಂದು ಮಾತು: ಅದು ಕಾಯಿಲೆಯೆಂಬ ಅಭಿಪ್ರಾಯವನ್ನು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿಯೇ ಕೈಬಿಟ್ಟಿದೆ, ಹಾಗೆ ಬದಲಾಯಿಸುವೆನೆನ್ನುವುದು ವೃತ್ತಿದ್ರೋಹವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿದೆ. ಹಾಗೆಯೇ ಹೊಡೆತ ಬಡಿತವಿರುವ ಮನೆಗೆ ಸ್ಪರ್ಶಾಭ್ಯಾಸ ಮದ್ದಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾನೂನು ಲೈಂಗಿಕ ಹಿಂಸೆಯನ್ನೂ ಹಿಂಸೆಯೆಂದೇ ಎಣಿಸುತ್ತದೆ; ಅಲ್ಲಿ ಮೊದಲು ಬೇಕಾದದ್ದು ರಕ್ಷಣೆ.

ಈಗ ಗಡಿಯಾಚೆಯ ನಮ್ಮ ಕಷ್ಟಕ್ಕೆ ಬರೋಣ. ಜ್ವರ, ಕೆಮ್ಮು, ಹೊಟ್ಟೆನೋವುಗಳನ್ನು ಹೇಳುವಷ್ಟು ಮಲಯಾಳವೋ ಮರಾಠಿಯೋ ತಮಿಳೋ ತೆಲುಗೋ ನಮಗೆಲ್ಲ ಬರುತ್ತದೆ. ಆದರೆ ಈ ನೋವಿನ ನುಡಿ ಬೇರೆ. ಕರ್ನಾಟಕದಿಂದ ಮದುವೆಯಾಗಿ ಬಂದ ಹೆಣ್ಣು ವೈದ್ಯರ ಮುಂದೆ ಕುಳಿತಾಗ ಅತ್ತಿಗೆಯೋ ನಾದಿನಿಯೋ ದುಭಾಷಿಯಾಗಿ ನಿಲ್ಲುತ್ತಾಳೆ. ಹಾಸಿಗೆಯ ದುಃಖವನ್ನು ನಾದಿನಿಯ ಬಾಯಿಂದ ತರ್ಜುಮೆ ಮಾಡಿಸಲು ಯಾವ ಹೆಣ್ಣು ತಾನೇ ಒಪ್ಪುತ್ತಾಳೆ? ‘ಏನೂ ಇಲ್ಲ, ಸುಸ್ತು’ ಎಂದಿಷ್ಟೇ ಹೇಳಿ ಏಳುತ್ತಾಳೆ. ಅಲ್ಲದೆ ನಮ್ಮ ನುಡಿಯಲ್ಲಿಯೂ ಈ ಅಂಗಗಳಿಗೆ ಬಳಕೆಯಲ್ಲಿರುವುದು ಪುಸ್ತಕದ ಸಂಸ್ಕೃತ ಇಲ್ಲವೇ ಬೀದಿಯ ಬೈಗುಳ. ನಡುವೆ ನಿಲ್ಲುವ ಮರ್ಯಾದೆಯ ಮಾತುಗಳು ಬಾಯಿಗೆ ಬರುವುದೇ ಕಷ್ಟ. ಕಾಸರಗೋಡಿನ ಕಡೆ ಇನ್ನೊಂದು ಬಗೆಯ ಕಷ್ಟವುಂಟು: ವರ್ಷಕ್ಕೊಮ್ಮೆ ತಿಂಗಳ ರಜೆಯಲ್ಲಿ ಕೊಲ್ಲಿ ದೇಶದಿಂದ ಬರುವ ಗಂಡ. ಹನ್ನೊಂದು ತಿಂಗಳ ನಿರೀಕ್ಷೆಯನ್ನು ಮೂವತ್ತು ದಿನಗಳ ಮೇಲೆ ಹೇರಿದರೆ ಯಾರ ದೇಹ ತಾನೇ ಅಂಜದು? ಹೀಗಾದವರು ಆ ರಜೆಯಲ್ಲಿಯೇ ಎಲ್ಲವೂ ಸರಿಯಾಗಬೇಕೆಂದು ಹಟ ತೊಡದೆ, ಮೊದಲ ವಾರವನ್ನು ಬರಿಯ ಒಡನಾಟಕ್ಕೆ ಮೀಸಲಿಡುವುದು ಲೇಸು.

ಕಾಸರಗೋಡಿನವರಿಗೆ ಮಂಗಳೂರು, ವಯನಾಡು ತಾಳವಾಡಿಗಳವರಿಗೆ ಮೈಸೂರು, ಹೊಸೂರಿನವರಿಗೆ ಬೆಂಗಳೂರು, ಜತ್ತದವರಿಗೆ ವಿಜಯಪುರ, ಅಕ್ಕಲಕೋಟೆಯವರಿಗೆ ಕಲಬುರಗಿ, ಆದವಾನಿ ರಾಯದುರ್ಗಗಳವರಿಗೆ ಬಳ್ಳಾರಿ ಇವು ಕನ್ನಡದಲ್ಲಿಯೇ ಮಾತನಾಡಬಹುದಾದ, ಅದರ ಜೊತೆಗೆ ಪರಿಚಿತರ ಕಣ್ಣಿಗೆ ಬೀಳುವ ಅಂಜಿಕೆ ಕಡಿಮೆಯಿರುವ ಊರುಗಳು. ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳ ಮನೋವೈದ್ಯ ವಿಭಾಗದಲ್ಲಿ ಮೊದಲು ವಿಚಾರಿಸಿರಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎಲ್ಲರೂ ಬಲ್ಲ ಸಂಸ್ಥೆಗಳು. ಎಲ್ಲಿಗೂ ಹೋಗಲಾಗದವರು, ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯ ಮೂಲಕ ಹಗಲಿರುಳೆನ್ನದೆ ಶುಲ್ಕವಿಲ್ಲದೆ ಕರೆ ಮಾಡಬಹುದು. ಅದು ನಡೆಯುವ ಇಪ್ಪತ್ತು ಭಾಷೆಗಳಲ್ಲಿ ಕನ್ನಡವೂ ಒಂದು. ಅದು ಲೈಂಗಿಕ ಚಿಕಿತ್ಸೆಯ ಕೇಂದ್ರವಲ್ಲವಾದರೂ ಮನಸ್ಸಿನ ಭಾರವನ್ನು ಇಳಿಸಿ, ಮುಂದೆ ಎಲ್ಲಿಗೆ ಹೋಗಬೇಕೆಂದು ಕೇಳಲು ತಕ್ಕ ಬಾಗಿಲು.

ಬಸ್ ನಿಲ್ದಾಣದ ಗೋಡೆಯ ಮೇಲಿನ ‘ಗುಪ್ತರೋಗ ತಜ್ಞ’ರ ಬಾಗಿಲನ್ನು ಮಾತ್ರ ತಟ್ಟಬೇಡಿರಿ. ತಿಂಗಳಿಗೊಮ್ಮೆ ಲಾಡ್ಜಿನ ಕೋಣೆಯಲ್ಲಿ ಕುಳಿತು, ಮೊದಲು ಹೆದರಿಸಿ ಆಮೇಲೆ ಭಸ್ಮ ಮಾರುವವರು ಇವರು. ಲೈಂಗಿಕ ಶಕ್ತಿ ಹೆಚ್ಚಿಸುವ ಔಷಧಗಳ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾನೂನು ನಿಷೇಧಿಸಿದೆ. ಕಾನೂನಿಗೆ ಎಪ್ಪತ್ತು ದಾಟಿತು, ಗೋಡೆಗಳ ಬಣ್ಣ ಮಾಸಿಲ್ಲ. ಒಂದೇ ಭೇಟಿಯಲ್ಲಿ ಗ್ಯಾರಂಟಿ ಕೊಡುವವನು, ಔಷಧದ ಹೆಸರು ಹೇಳದವನು, ಪದವಿ ಯಾವುದೆಂದು ಕೇಳಿದರೆ ಸಿಡುಕುವವನು ಇಂಥವರಿಂದ ದೂರವಿರುವುದೇ ಕ್ಷೇಮ.

ಹೋಗುವ ಮುನ್ನ ಒಂದು ಚೀಟಿಯನ್ನು ಸಿದ್ಧಪಡಿಸಿಕೊಂಡರೆ ಅನುಕೂಲ. ತೊಂದರೆ ಆರಂಭವಾದ ಕಾಲ, ಈಗ ನುಂಗುತ್ತಿರುವ ಮಾತ್ರೆಗಳ ಹೆಸರು, ಹಿಂದಿನ ಕಾಯಿಲೆಗಳು, ಕೇಳಬೇಕೆಂದಿರುವ ಎರಡು ಮೂರು ಪ್ರಶ್ನೆಗಳು ಇಷ್ಟಿದ್ದರೆ ಸಾಕು. ಅಂಗಗಳ ಹೆಸರು ಬಾಯಿಗೆ ಬಾರದಿದ್ದರೆ ‘ನಾವಿಬ್ಬರೂ ಒಂದಾಗಲು ಆಗುತ್ತಿಲ್ಲ’ ಎಂಬ ಒಂದು ವಾಕ್ಯ ಹೇಳಿದರೆ ಮುಂದಿನ ಪ್ರಶ್ನೆಗಳನ್ನು ವೈದ್ಯರೇ ಕೇಳುತ್ತಾರೆ. ಅದನ್ನೂ ಹೇಳಲಾಗದಿದ್ದರೆ ಆ ಚೀಟಿಯನ್ನೇ ಮೇಜಿನ ಮೇಲೆ ಮುಂದಕ್ಕೆ ಸರಿಸಬಹುದು.